ಹೋಟೆಲು ಧನಿಗಳ ಸಮಾಜಸೇವೆ: ಯಾರ ಅಪಾಯಕ್ಕೆ ಯಾರ ವಿಮೆ?

ನಮ್ಮ ಜಿಲ್ಲೆಯ ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತು ನೋಡಿದವರಿಗೆ ನಾವು ಹೇಳಹೊರಟ ಮಾತು ಹೊಸದೆನಿಸದು. ಕೈಯಲ್ಲೊಂದು ಚೀಲ, ಗಂಟಿನಲ್ಲಿ ನಾಲ್ಕು ಖಡಕ್ ರೊಟ್ಟಿ, ಬಸ್ಸಿನ ಕಿಟಕಿಯ ಕೆಳಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ. ಬೆಂಗಳೂರಿನ ಬಸ್ಸಿಗೆ ಹುಡುಗರ ಗುಂಪು ಹತ್ತುತ್ತದೆ. ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಹೋಟೆಲಿನ ಕೆಲಸಕ್ಕೆ. ಗುಳೆ ಎಂಬುದು ಒಂದು ಕಾಲಕ್ಕೆ ಬರಗಾಲದ ಮಾತಾಗಿತ್ತು. ಈಗ ಮಳೆಯಾದ ವರ್ಷವೂ ತಪ್ಪದ ಮಾತಾಗಿದೆ. ಹೋಟೆಲಿಗೆ ಹೋದ ಹುಡುಗ ಎಲ್ಲಿ ಮಲಗುತ್ತಾನೆ, ದಿನಕ್ಕೆ ಎಷ್ಟು ತಾಸು ನಿಂತಿರುತ್ತಾನೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂಬುದು ಮನೆಯವರಿಗೆ ತಿಳಿಯುವುದು ಅವನು ಹಬ್ಬಕ್ಕೆ ಬಂದಾಗ. ಕೆಲವು ಸಲ ಆಗಲೂ ತಿಳಿಯುವುದಿಲ್ಲ.

ಆ ಹುಡುಗ ಹಿಂಬಾಗಿಲಿನಿಂದ ಒಳಹೋಗುವ ದೊಡ್ಡ ಹೋಟೆಲಿನ ಮುಂಬಾಗಿಲಿನಲ್ಲಿ ಈಗ ಹೊಸದೊಂದು ಮಾತು ಕೇಳಿಬರುತ್ತಿದೆ. 'ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ' ಎಂದು ಅದರ ಹೆಸರು. ಪೇಟೆಯ ಮಾತಿನಲ್ಲಿ ಸಿ.ಎಸ್.ಆರ್. ಶಾಲೆಯ ಗೋಡೆಗೆ ಬಣ್ಣ, ಕೆರೆಯ ದಂಡೆಗೆ ಸಸಿ, ಆಸ್ಪತ್ರೆಗೆ ಒಂದು ಯಂತ್ರ, ಪಕ್ಕದಲ್ಲಿ ಕಂಪನಿಯ ಹೆಸರಿನ ಫಲಕ, ವರ್ಷದ ಕೊನೆಗೆ ಹೊಳಪು ಕಾಗದದ ಮೇಲೆ ಚಿತ್ರಗಳು. ಇದು ಒಳ್ಳೆಯದಲ್ಲವೆ ಎಂದು ಯಾರಾದರೂ ಕೇಳಿದರೆ ಒಳ್ಳೆಯದೇ ಎಂದು ನಾವೂ ಹೇಳುತ್ತೇವೆ. ಶಾಲೆಗೆ ಬಣ್ಣ ಬಳಿದವನ ಕೈಯನ್ನು ತಡೆಯುವಷ್ಟು ಮೂರ್ಖರು ನಾವಲ್ಲ. ಆದರೆ ಆ ಬಣ್ಣದ ಖರ್ಚನ್ನು ಧನಿಗಳು ತಮ್ಮ ಮನಸ್ಸಿನೊಳಗೆ ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ ಎಂಬುದನ್ನು ದುಡಿಯುವವರು ತಿಳಿದಿರಬೇಕು.

ಮೊದಲು ಕಾನೂನಿನ ಮಾತು. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿವ್ವಳ ಸ್ವತ್ತು 500 ಕೋಟಿ ರೂಪಾಯಿ, ಇಲ್ಲವೆ ವಹಿವಾಟು 1,000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ವಿದ್ಯೆ, ಆರೋಗ್ಯ, ಕುಡಿಯುವ ನೀರು, ಪರಿಸರ ಮೊದಲಾದ ಕೆಲಸಗಳಿಗೆ ಖರ್ಚು ಮಾಡಬೇಕು. ಆರಂಭದಲ್ಲಿ ಖರ್ಚು ಮಾಡದವರು ಕಾರಣ ಬರೆದು ಕೈತೊಳೆದುಕೊಳ್ಳಬಹುದಿತ್ತು. 2021ರ ಜನವರಿಯಿಂದ ಹಾಗಿಲ್ಲ. ಉಳಿದ ಹಣವನ್ನು ಗೊತ್ತುಪಡಿಸಿದ ನಿಧಿಗೆ ಕಟ್ಟಬೇಕು, ತಪ್ಪಿದರೆ ದಂಡ. ಆದುದರಿಂದ ದೊಡ್ಡ ಹೋಟೆಲು ಕಂಪನಿ ಸಮಾಜಸೇವೆಗೆ ಇಷ್ಟು ಲಕ್ಷ ಕೊಟ್ಟಿತು ಎಂದು ಪತ್ರಿಕೆಯಲ್ಲಿ ಬಂದರೆ ಅದನ್ನು ದಾನವೆಂದು ಓದಬೇಕಾಗಿಲ್ಲ. ಕಾಯಿದೆಯ ಬಾಕಿಯನ್ನು ಕಟ್ಟಿದ್ದಾರೆ ಎಂದು ಓದಿದರೆ ಸಾಕು.

ಬಾಕಿ ಕಟ್ಟಿದ್ದರಲ್ಲೂ ಒಂದು ಲಾಭವನ್ನು ಧನಿಗಳ ಸಲಹೆಗಾರರು ಕಂಡುಕೊಂಡಿದ್ದಾರೆ. ಆಡಳಿತಶಾಸ್ತ್ರದ ಪಂಡಿತರು ಇದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ: ಸಮಾಜಸೇವೆಯಿಂದ ಗಳಿಸಿದ ಒಳ್ಳೆಯ ಹೆಸರು ವಿಮೆಯಂತೆ ಕೆಲಸ ಮಾಡುತ್ತದೆ, ನಾಳೆ ಏನಾದರೂ ಅವಘಡವಾದರೆ ಜನರ ಸಿಟ್ಟು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಗಿರಾಕಿ ಬೇಗ ಮರಳುತ್ತಾನೆ, ಅಧಿಕಾರಿ ಮೆತ್ತಗೆ ಮಾತನಾಡುತ್ತಾನೆ. ಇದಕ್ಕೆ ಅವರು ಇಟ್ಟಿರುವ ಹೆಸರು 'ಅಪಾಯ ನಿರ್ವಹಣೆ'.

ಈ ವಿಮೆ ಹೋಟೆಲಿನವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ಸಿಮೆಂಟು ಮಾರುವವನ ಹೆಸರು ಕೆಟ್ಟರೂ ಸಿಮೆಂಟು ಗಟ್ಟಿಯಿದ್ದರೆ ಮಾರಾಟವಾದೀತು. ಹೋಟೆಲಿನವನು ಮಾರುವುದು ನಂಬಿಕೆಯನ್ನು. ಗುರುತಿಲ್ಲದವರ ಕೈಯ ಅನ್ನ ಉಂಡು, ಗುರುತಿಲ್ಲದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗಿರಾಕಿ ನಿದ್ದೆ ಮಾಡಬೇಕು. ಅನ್ನದಲ್ಲಿ ವಿಷವಾದರೆ, ಕೋಣೆಗೆ ಬೆಂಕಿ ಬಿದ್ದರೆ, ನೀರು ಕೆಟ್ಟರೆ, ಒಂದೇ ದಿನದಲ್ಲಿ ಹತ್ತು ವರ್ಷದ ಹೆಸರು ಹೋಗುತ್ತದೆ. ಈ ಭಯ ನಿಜವಾದದ್ದು. ಭಯವಿರುವವನು ಜಾಗ್ರತೆ ವಹಿಸುವುದು ತಪ್ಪೂ ಅಲ್ಲ. ನಮ್ಮ ಪ್ರಶ್ನೆ ಒಂದೇ: ಆ ಅಪಾಯ ಮೊದಲು ಬಂದು ತಗಲುವುದು ಯಾರ ಮೈಗೆ?

ರಾಯಚೂರಿನ ಹತ್ತಿ ಜಿನ್ನಿನಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಳೆಯ ರಾಶಿಗೆ ಒಂದು ಕಿಡಿ ಸಾಕು. ಅರಳೆಗೆ ಧನಿ ವಿಮೆ ಮಾಡಿಸುತ್ತಾನೆ. ಅರಳೆಯ ಪಕ್ಕದಲ್ಲಿ ನಿಂತವನಿಗೆ ಏನು ಮಾಡಿಸಿದ್ದಾನೆ ಎಂಬುದರ ಮೇಲೆ ಗಿರಣಿಯಲ್ಲಿ ಎಷ್ಟು ಜಗಳಗಳು ನಡೆದಿವೆ! ಹೋಟೆಲಿನ ಕೆಲಸದವರಿಗೆ ಆ ಜಗಳ ಮಾಡುವಷ್ಟು ಸಂಘಬಲ ಇಂದಿಗೂ ಬಂದಿಲ್ಲ.

2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಳಿ ಒಂದು ಬಾರ್ ಮತ್ತು ರೆಸ್ಟೋರೆಂಟಿಗೆ ಬೆಂಕಿ ಬಿದ್ದಿತು. ಅದರೊಳಗೆ ಮಲಗಿದ್ದ ಐದು ಮಂದಿ ಸತ್ತರು. ಐವರೂ ಅಲ್ಲಿಯ ಕೆಲಸಗಾರರು. ಕೆಲಸ ಮಾಡುವ ಜಾಗವೇ ಅವರಿಗೆ ಮಲಗುವ ಜಾಗವೂ ಆಗಿತ್ತು. 2025ರ ಡಿಸೆಂಬರ್ 6ರ ನಡುರಾತ್ರಿ ಗೋವಾದ ಅರ್ಪೊರಾದಲ್ಲಿ ಒಂದು ನೈಟ್ ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಅಲ್ಲಿಗೆ ಕುಣಿಯಲು, ಕುಡಿಯಲು ಬಂದವರು ನೂರಾರು ಮಂದಿ ಇದ್ದರೂ ಸತ್ತವರಲ್ಲಿ ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದವರೇ. ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದವರು. ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ಗಿರಾಕಿಗೆ ಮುಂಬಾಗಿಲು ಇರುತ್ತದೆ. ಅಡುಗೆಯವನಿಗೆ ಹೊಗೆ ತುಂಬಿದ ಮೆಟ್ಟಿಲು. ಹೋಟೆಲಿನ ಅಪಾಯ ಎಂಬ ಮಾತಿಗೆ ನಮ್ಮ ನಿಘಂಟಿನಲ್ಲಿ ಅರ್ಥ ಇದು. ಧನಿಯ ಅಪಾಯ ಹೆಸರು ಕೆಡುವುದು, ಲೈಸೆನ್ಸು ಹೋಗುವುದು; ಮಾಣಿಯ ಅಪಾಯ ಪ್ರಾಣ ಹೋಗುವುದು. ಮೊದಲನೆಯದಕ್ಕೆ ಶೇಕಡಾ 2ರ ವಿಮೆ ಇದೆ. ಎರಡನೆಯದಕ್ಕೆ?

ಎರಡನೆಯದಕ್ಕೂ ವಿಮೆ ಇದೆ. ಆದರೆ ಅದಕ್ಕೆ ಫಲಕವಿಲ್ಲ. 1948ರ ಕಾಯಿದೆಯಿಂದ ಬಂದ ಇ.ಎಸ್.ಐ. ಅದು. ಗಿರಣಿಯವರಿಗೆ ಗೊತ್ತಿರುವಂಥದೇ. ಹತ್ತು ಮಂದಿ ಅಥವಾ ಹೆಚ್ಚು ಜನ ಕೆಲಸ ಮಾಡುವ ಹೋಟೆಲಿಗೂ ಅದು ಅನ್ವಯಿಸುತ್ತದೆ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ಧನಿಯ ಪಾಲು ಸಂಬಳದ ಶೇಕಡಾ 3.25, ಕೆಲಸಗಾರನ ಪಾಲು 0.75. ಕಾಯಿಲೆ ಬಿದ್ದರೆ ಕೂಲಿಯ ಶೇಕಡಾ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಸಿಗಬೇಕು. ಕೆಲಸದಲ್ಲಿ ಗಾಯವಾಗಿ ಮಲಗಿದರೆ ಶೇಕಡಾ 90. ಕೆಲಸದ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಪಿಂಚಣಿ.

ಈಗ ಒಂದು ಲೆಕ್ಕ ಹಾಕೋಣ. ಇದು ಯಾವ ಕಂಪನಿಯದೂ ಅಲ್ಲ, ಮಾತಿಗೆ ಹಾಕಿದ ಲೆಕ್ಕ. ಮೂರು ವರ್ಷಗಳ ಸರಾಸರಿಯಲ್ಲಿ 10 ಕೋಟಿ ರೂಪಾಯಿ ಲಾಭ ತೆಗೆಯುವ ಹೋಟೆಲು ಕಂಪನಿಯೊಂದು ಸಮಾಜಸೇವೆಗೆ 20 ಲಕ್ಷ ಕೊಡಬೇಕು. ಅದೇ ಕಂಪನಿಯಲ್ಲಿ ತಿಂಗಳಿಗೆ 15,000 ರೂಪಾಯಿಯ 300 ಕೆಲಸಗಾರರಿದ್ದಾರೆ ಎನ್ನಿ. ತಲೆಗೆ ತಿಂಗಳಿಗೆ 487 ರೂಪಾಯಿ 50 ಪೈಸೆಯಂತೆ ಧನಿಯ ಇ.ಎಸ್.ಐ. ಪಾಲು ವರ್ಷಕ್ಕೆ 17 ಲಕ್ಷ 55 ಸಾವಿರ. ಈ ಮುನ್ನೂರು ಜನರನ್ನು ಗುತ್ತಿಗೆದಾರನ ಪಟ್ಟಿಗೆ ಹಾಕಿ, ಗುತ್ತಿಗೆದಾರ ಅರ್ಧಕ್ಕರ್ಧ ಹೆಸರುಗಳನ್ನು ಪುಸ್ತಕದಲ್ಲಿ ತೋರಿಸದೆ ಬಿಟ್ಟರೆ ಏನಾಗುತ್ತದೆ? ಬಲಗೈಯಿಂದ ಸಮಾಜಕ್ಕೆ ಕೊಟ್ಟ 20 ಲಕ್ಷದಲ್ಲಿ ಹತ್ತಿರ ಹತ್ತಿರ 9 ಲಕ್ಷ ಎಡಗೈಗೆ ಮರಳಿ ಬಂದು ಸೇರುತ್ತದೆ. ಕೊಟ್ಟದ್ದಕ್ಕೆ ಫೋಟೋ ಇದೆ; ಉಳಿಸಿಕೊಂಡದ್ದಕ್ಕೆ ರಸೀದಿಯೂ ಇಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಧನಿಯೇ ಕಟ್ಟತಕ್ಕದ್ದು ಎಂದು ಕಾನೂನು ಹೇಳುತ್ತದೆ. ಕೇಳುವವರಿದ್ದರೆ ತಾನೆ ಕಾನೂನು ಹೇಳಿದ್ದು ನಡೆಯುವುದು?

ಕಾನೂನಿನಲ್ಲಿ ಇನ್ನೊಂದು ಮಾತಿದೆ. ಸ್ವಂತ ನೌಕರರಿಗೆ ಮಾತ್ರ ಅನುಕೂಲವಾಗುವ ಖರ್ಚನ್ನು ಸಾಮಾಜಿಕ ಹೊಣೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದು ಸರಿಯಾದ ನಿಯಮವೇ. ಕೂಲಿ ದಾನವಲ್ಲ, ಸಾಲ. ಸಾಲ ತೀರಿಸಿದ್ದನ್ನು ದಾನವೆಂದು ಬರೆಯಲು ಬಿಡಬಾರದು. 2020ರ ಏಪ್ರಿಲ್ 10ರಂದು, ಲಾಕ್‌ಡೌನಿನ ಕಾಲದಲ್ಲಿ, ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯವೇ ಇದನ್ನು ಸ್ಪಷ್ಟಪಡಿಸಿತು: ಮುಚ್ಚಿದ ದಿನಗಳ ಸಂಬಳ ಕೊಡುವುದು ಧನಿಗಳ ನೈತಿಕ ಹೊಣೆ, ಅದನ್ನು ಸಿ.ಎಸ್.ಆರ್. ಎಂದು ತೋರಿಸಲಾಗದು, ಸಂಬಳದ ಮೇಲೆ ಹಂಗಾಮಿ ಮತ್ತು ದಿನಗೂಲಿಯವರಿಗೆ ಹೆಚ್ಚಿಗೆ ಕೊಟ್ಟದ್ದನ್ನು ಮಾತ್ರ ಒಂದು ಸಲಕ್ಕೆ ಲೆಕ್ಕಕ್ಕೆ ಹಿಡಿಯಬಹುದು. ಮಾತು ಸರಿ. ಆದರೆ ಆಗ ನಡೆದದ್ದೇನು? ಹೋಟೆಲುಗಳು ಮುಚ್ಚಿದವು. ಮಲಗಲು ಹೋಟೆಲಿನ ಅಟ್ಟವನ್ನೇ ನಂಬಿದ್ದವನಿಗೆ ಕೆಲಸವೂ ಹೋಯಿತು, ಸೂರೂ ಹೋಯಿತು. ನಮ್ಮ ಜಿಲ್ಲೆಯ ಜನ ಬೆಂಗಳೂರಿನಿಂದ ಲಾರಿ ಹತ್ತಿ, ಕೆಲವರು ಕಾಲ್ನಡಿಗೆಯಲ್ಲಿ, ಊರು ಸೇರಿದರು. ಸಾಲವನ್ನು ದಾನವೆಂದು ಬರೆಯಬಾರದು ಎಂದ ಸರ್ಕಾರ, ಸಾಲ ತೀರಿತೆ ಎಂದು ನೋಡುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಇದರಿಂದ ಹುಟ್ಟಿದ ಓರೆ ನೋಟವೇ ಇಂದಿನ ವರದಿಗಳಲ್ಲಿ ಕಾಣುವುದು. ಗೇಟಿನ ಹೊರಗೆ ಮಾಡಿದ್ದು ಮಾತ್ರ ಎಣಿಕೆಗೆ ಬರುತ್ತದೆ, ಚಿತ್ರಕ್ಕೆ ಬರುತ್ತದೆ. ಗೇಟಿನ ಒಳಗೆ ಎಷ್ಟು ಜನ, ಯಾರ ಪಟ್ಟಿಯಲ್ಲಿ, ಎಷ್ಟು ತಾಸು ದುಡಿದರು ಎಂಬುದಕ್ಕೆ ಆ ಪುಟದಲ್ಲಿ ಜಾಗವಿಲ್ಲ. ಗೇಟಿನ ಹೊರಗೆ ಎಂದರೂ ಎಲ್ಲಿಯ ಹೊರಗೆ? ಕಂಪನಿ ತಾನು ವ್ಯವಹಾರ ನಡೆಸುವ ಸ್ಥಳಕ್ಕೂ ಅದರ ಸುತ್ತುಮುತ್ತಲಿಗೂ ಆದ್ಯತೆ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಹೋಟೆಲು ಇರುವುದು ಬೆಂಗಳೂರಿನಲ್ಲಿ. ಆದ್ದರಿಂದ ಬೆಂಗಳೂರಿನ ಉದ್ಯಾನಕ್ಕೆ ಕಲ್ಲುಬೆಂಚು ಬರುತ್ತದೆ. ಆ ಹೋಟೆಲಿನ ತಟ್ಟೆ ತೊಳೆಯುವ ಕೈಗಳು ಬಂದಿರುವುದು ದೇವದುರ್ಗದಿಂದ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ದೇವದುರ್ಗವೂ ಒಂದು. ಅಲ್ಲಿಗೆ ಕಲ್ಲುಬೆಂಚೂ ಇಲ್ಲ, ಬಣ್ಣವೂ ಇಲ್ಲ. ಬೆವರು ಒಂದೂರಿನದು, ಹೊಣೆ ಇನ್ನೊಂದೂರಿಗೆ!

ನಮ್ಮ ಜಿಲ್ಲೆಗೆ ನೆರೆಯದಾದ ಕೊಪ್ಪಳದ ವಿರೂಪಾಪುರ ಗಡ್ಡೆಯ ಸಂಗತಿ ಓದುಗರಿಗೆ ನೆನಪಿರಬಹುದು. ಹಂಪಿಯ ಎದುರು ದಡದ ಆ ನಡುಗಡ್ಡೆಯಲ್ಲಿ ಪ್ರವಾಸಿಗಳಿಗಾಗಿ ಎದ್ದ ರೆಸಾರ್ಟುಗಳು ಅಕ್ರಮವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು; ಮಾರ್ಚಿಯಲ್ಲಿ ಕೆಡವಿದರು. ಸ್ಮಾರಕಗಳ ನೆಲ ಉಳಿಯಬೇಕಾದದ್ದೇ. ಆದರೆ ಅಡಿಪಾಯವೇ ಅಕ್ರಮವಾಗಿದ್ದರೆ ಯಾವ ಒಳ್ಳೆಯ ಹೆಸರೂ ಕಟ್ಟಡವನ್ನು ಕಾಯುವುದಿಲ್ಲ ಎಂಬ ಪಾಠವನ್ನು ಹೋಟೆಲು ಉದ್ಯಮ ಅಲ್ಲಿ ಕಲಿಯಬೇಕಾಗಿತ್ತು. ಕಟ್ಟಡ ಬಿದ್ದ ದಿನ ಧನಿ ಬಂಡವಾಳ ಕಳೆದುಕೊಳ್ಳುತ್ತಾನೆ. ಅಡುಗೆಯವನು, ಕೋಣೆ ಗುಡಿಸುವವಳು ಮರುದಿನದ ಊಟ ಕಳೆದುಕೊಳ್ಳುತ್ತಾರೆ. ನೆಲ ಸರಿಯೆ, ಬಾಗಿಲು ಸರಿಯೆ, ಪುಸ್ತಕ ಸರಿಯೆ ಎಂದು ಮೊದಲೇ ನೋಡಿಕೊಳ್ಳುವುದೇ ನಿಜವಾದ ಅಪಾಯ ನಿರ್ವಹಣೆ.

ಹೋಟೆಲಿನವರೆಲ್ಲ ಕೆಟ್ಟವರೆಂದು ನಾವು ಬರೆಯುತ್ತಿಲ್ಲ. ಹೊಣೆಯನ್ನು ಹೊಣೆಯಾಗಿಯೇ ತಿಳಿದವರೂ ಇದ್ದಾರೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳ ಶುಚಿಯನ್ನು ಕಂಡು ಬಂದು, ತಮ್ಮಲ್ಲಿಯೂ ಅದನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಊಟಕ್ಕೆ ಹೋಗುವಂತೆ ಬಾಗಿಲು ತೆರೆದಿಟ್ಟರು. ಫಲಕ ಹಾಕಿದ್ದಕ್ಕಿಂತ ಅದು ದೊಡ್ಡ ಮಾತು. 2008ರ ನವೆಂಬರ್ 26ರಂದು ಮುಂಬಯಿಯ ತಾಜ್ ಹೋಟೆಲಿನ ಮೇಲೆ ದಾಳಿಯಾದಾಗ ಅಲ್ಲಿಯ ಕೆಲಸಗಾರರು ಓಡಿಹೋಗದೆ ಅತಿಥಿಗಳನ್ನು ಕಾಪಾಡಲು ನಿಂತು ಸತ್ತರು. ಅದೇ ಡಿಸೆಂಬರಿನಲ್ಲಿ ಕಂಪನಿ ಒಂದು ಟ್ರಸ್ಟನ್ನು ಸ್ಥಾಪಿಸಿ, ತನ್ನವರಿಗಷ್ಟೇ ಅಲ್ಲದೆ ಹೊರಗಿನ ಸಂತ್ರಸ್ತರಿಗೂ ನೆರವಾಯಿತು. ಆಗ ಶೇಕಡಾ 2ರ ಕಾನೂನು ಇರಲಿಲ್ಲ. ಅಂಥ ಕೆಲಸಗಾರರಿರುವ ಉದ್ಯಮವು ಅವರನ್ನು ಗುತ್ತಿಗೆದಾರನ ಪಟ್ಟಿಯಲ್ಲಿ ಬಚ್ಚಿಡುವುದು ಎಷ್ಟು ನಾಚಿಕೆಗೇಡು!

ಇನ್ನೂ ಹಿಂದಿನ ಒಂದು ಮಾತು ಹೇಳಬೇಕು. ದಕ್ಷಿಣ ಕನ್ನಡದಿಂದ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಹೋದ ಹುಡುಗರಿಗಾಗಿ ಅಲ್ಲಿಯ ಕನ್ನಡ ಸಂಘಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಲೋಟ ತೊಳೆದ ಹುಡುಗ ರಾತ್ರಿ ಪುಸ್ತಕ ಹಿಡಿದ. ಹಾಗೆ ಓದಿ ಗುಮಾಸ್ತರಾದವರು, ವಕೀಲರಾದವರು, ತಾವೇ ಹೋಟೆಲು ತೆರೆದವರು ಅನೇಕರು. ಆದರೆ ಶಾಲೆ ಇದ್ದರೆ ಸಾಲದು, ಸಂಜೆ ಹುಡುಗನನ್ನು ಬಿಡುವ ಧನಿಯೂ ಬೇಕಿತ್ತು. ಬಿಟ್ಟವನು ನಿಜವಾದ ಹೊಣೆಗಾರ. ಅವನಿಗೆ ಯಾವ ವರದಿಯೂ ಬೇಕಾಗಲಿಲ್ಲ. ಬಿಡದವನನ್ನು ಬಗ್ಗಿಸಲು ಸಂಘ ಬೇಕಾಯಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ತಮ್ಮ ಹೋರಾಟವನ್ನು ಆರಂಭಿಸಿದ್ದೇ ಹೋಟೆಲು ಮತ್ತು ಸಾರಿಗೆ ಕೆಲಸಗಾರರನ್ನು ಸಂಘಟಿಸುವುದರಿಂದ; 1950ರ ಸುಮಾರಿಗೆ ಮುಂಬಯಿ ಸೇರಿದ ಮೇಲೂ ಅದನ್ನು ಕೈಬಿಡಲಿಲ್ಲ. ಹೋಟೆಲಿನವರನ್ನು ಸಂಘಟಿಸಲಾಗದು ಎಂಬ ಮಾತನ್ನು ನಾವು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಇಷ್ಟು ಹೇಳಿ ನಮ್ಮ ಸಣ್ಣ ವ್ಯಾಪಾರಿ ಬಂಧುಗಳನ್ನು ಬಿಟ್ಟುಬಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ. ಮಾನ್ವಿಯ ಖಾನಾವಳಿಗೂ ದೇವದುರ್ಗದ ಮಿರ್ಚಿ-ಮಂಡಾಳು ಅಂಗಡಿಗೂ 135ನೆಯ ಕಲಮು ತಗಲುವುದಿಲ್ಲ. ಸಿಲಿಂಡರಿನ ಬೆಲೆ, ಮಳಿಗೆಯ ಬಾಡಿಗೆ, ಎಣ್ಣೆಯ ಬೆಲೆಗಳ ನಡುವೆ ಅವರು ಬದುಕುವುದೇ ಹೆಚ್ಚು ಎಂಬುದು ನಮಗೆ ಗೊತ್ತು. ಆದರೂ ಕೇಳಬೇಕು: ಕಪ್ಪು ತೊಳೆಯುವ ಆ ಹುಡುಗನ ವಯಸ್ಸೆಷ್ಟು? 2006ರ ಅಕ್ಟೋಬರ್ 10ರಿಂದಲೇ ಹೋಟೆಲು, ಢಾಬಾ, ಚಹದಂಗಡಿಗಳಲ್ಲಿ ಮಕ್ಕಳನ್ನು ದುಡಿಸುವುದು ನಿಷೇಧವಾಗಿದೆ. 2016ರ ತಿದ್ದುಪಡಿಯಂತೆ ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕಿಟ್ಟವನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೆ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಪರಿಚಯದವರ ಮಗ, ಊಟ ಹಾಕಿ ಇಟ್ಟುಕೊಂಡಿದ್ದೇನೆ ಎಂಬುದು ಉತ್ತರವಾಗದು. ದೊಡ್ಡ ಧನಿಯ ಫಲಕವನ್ನು ನೋಡಿ ನಗುವ ನಾವು ನಮ್ಮ ಗಲ್ಲಾದ ಹಿಂದೆ ಅದೇ ಕೆಲಸ ಮಾಡಿದರೆ ನಮ್ಮ ನಗುವಿಗೆ ಬೆಲೆಯಿಲ್ಲ. ರಾತ್ರಿ ಒಳಗೆ ಮಲಗುವವನಿದ್ದರೆ ಹೊರಗಿನಿಂದ ಬೀಗ ಹಾಕದಿರುವುದಕ್ಕೆ, ಸಿಲಿಂಡರನ್ನು ಅವನ ತಲೆದಿಂಬಿನ ಬಳಿ ಇಡದಿರುವುದಕ್ಕೆ, ವಾರಕ್ಕೊಂದು ದಿನ ರಜೆ ಕೊಡುವುದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಸಾಮಾಜಿಕ ಹೊಣೆಯ ವರದಿ ಹೊರಡಿಸುವ ಹೋಟೆಲು ಕಂಪನಿ, ಅದೇ ಪುಟದಲ್ಲಿ ತನ್ನ ಕೆಲಸಗಾರರ ಸಂಖ್ಯೆ, ಗುತ್ತಿಗೆಯವರ ಸಂಖ್ಯೆ, ಇ.ಎಸ್.ಐ.ಗೆ ಸೇರಿದವರ ಸಂಖ್ಯೆಗಳನ್ನು ಪ್ರಕಟಿಸಬೇಕು. ಎರಡು, ಕೆಲಸಗಾರರು ಮಲಗುವ ಜಾಗವನ್ನು ಅಗ್ನಿಶಾಮಕ ಇಲಾಖೆ ತಪಾಸಣೆ ಮಾಡದೆ ಲೈಸೆನ್ಸು ನವೀಕರಿಸಬಾರದು. ಮೂರು, ವ್ಯವಹಾರದ ಸ್ಥಳ ಎಂಬುದಕ್ಕೆ ಕೆಲಸಗಾರರು ಹೊರಟುಬಂದ ತಾಲೂಕುಗಳನ್ನೂ ಸೇರಿಸಬೇಕು; ದೇವದುರ್ಗದ ಕೈಗಳಿಂದ ಬಂದ ಲಾಭದಲ್ಲಿ ದೇವದುರ್ಗದ ಶಾಲೆಗೂ ಪಾಲಿರಬೇಕು. ನಾಲ್ಕು, ಪ್ರವಾಸೋದ್ಯಮದ ಹೆಸರಿನಲ್ಲಿ ಸರ್ಕಾರ ಕೊಡುವ ಸಹಾಯಧನ, ರಿಯಾಯಿತಿಗಳು ಇವನ್ನು ಪಾಲಿಸಿದವರಿಗೆ ಮಾತ್ರ ಸಿಗಬೇಕು.

ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸ, ಆದೀತಾಗ ಆದೀತು ಎಂದು ಕೈಕಟ್ಟಿ ಕೂಡಬೇಕಾಗಿಲ್ಲ. ಗಿರಣಿಯ ಅಣ್ಣಂದಿರೇ, ನಿಮ್ಮ ಮನೆಯ, ನಿಮ್ಮ ಓಣಿಯ ಹುಡುಗ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಕರೆದುಕೊಂಡು ಹೋಗುವವನನ್ನು ನಾಲ್ಕು ಮಾತು ಕೇಳಿರಿ. ಧನಿಯ ಹೆಸರೇನು? ಸಂಬಳ ಎಷ್ಟು, ಯಾರ ಕೈಗೆ? ಇ.ಎಸ್.ಐ. ನಂಬರು ಕೊಡುತ್ತಾರೆಯೆ? ರಾತ್ರಿ ಮಲಗುವುದೆಲ್ಲಿ, ಅಲ್ಲಿಗೆ ಬಾಗಿಲೆಷ್ಟು? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮಗೆ ಬೇಕಾದಷ್ಟು ತಕರಾರುಗಳಿವೆ. ಆದರೆ ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ಮಾತು ಅದರಲ್ಲಿದೆ. ಅದನ್ನು ಕೇಳಿ ಪಡೆಯಿರಿ. ಆ ಪತ್ರವನ್ನು ಊರಿನಲ್ಲಿ ಒಬ್ಬರು ಇಟ್ಟುಕೊಳ್ಳಿರಿ. ನೀವು ಗಿರಣಿಯಲ್ಲಿ ಹೋರಾಡಿ ಕಲಿತದ್ದು ಆ ಹುಡುಗನಿಗೆ ಗೊತ್ತಿಲ್ಲ. ಹೇಳಿಕೊಡುವವರು ನೀವೇ.

ಶಾಲೆಯ ಗೋಡೆಗೆ ಧನಿ ಬಣ್ಣ ಬಳಿಯಲಿ, ಬೇಡವೆನ್ನುವವರು ಯಾರು? ಅದಕ್ಕೆ ಮೊದಲು ತನ್ನ ಹೋಟೆಲಿನ ಹಿಂಬಾಗಿಲು ಒಳಗಿನಿಂದ ತೆರೆಯುತ್ತದೆಯೆ ಎಂದು ಒಮ್ಮೆ ತಾನೇ ಎಳೆದು ನೋಡಲಿ.